ಕ್ಷೌರ ಮಾಡಿಸಿಕೊಂಡ ಸುಳಿವು

ಕಾರಂಗ್‌ಸೊನೊ ಕೇರಿಯ ಕ್ಷೌರಿಕ ಮರ್ಡಿಕುನ್ ದಿಂಬು, ಸೊಳ್ಳೆಪರದೆ, ಒಂದು ಜೊತೆ ಲುಂಗಿಯಂಥ ಸರೋಂಗು ಕಂಕುಳಲ್ಲಿ ಇರುಕಿಕೊಂಡು ಹಾಡಹಗಲೇ ಮನೆ ಬಿಟ್ಟು ಹೊರಟಾಗ ಕೇರಿಗೆ ಕೇರಿಯೇ ಬಾಗಿಲಿಗೆ ಬಂದು ನಿಂತಿತು. ಇಂಥ ನೋಟ ದಿನಾ ಸಿಗುತ್ತದೆಯೇ?

"ಏನ್ ಪಾಕ್ ಕುನ್, ಹೆಂಡ್ತಿ ಹೊರಗೆ ಹಾಕಿದ್ಳಾ?" ಎಂದು ಯಾರೋ ಕಿಟಕಿಯಿಂದ ಕೂಗಿದರು.

"ಯಾರೂ ಹಾಕಿಲ್ಲ, ನಾನೇ ಹೋಗ್ತಾ ಇದೀನಿ. ಎಲ್ರೂ ಕಣ್ಣಾರೆ ನೋಡ್ಕೊಳ್ಳಿ!" ಮರ್ಡಿಕುನ್ ನಡುಬೀದಿಯಲ್ಲಿ ನಿಂತು ದಿಂಬನ್ನು ಎತ್ತಿ ತೋರಿಸಿದ. "ನಿಧಿ ಹುಡುಕೋ ಆಟ ಮುಗಿಯೋವರೆಗೂ ಆ ಹೊಸ್ತಿಲು ತುಳಿಯಲ್ಲ. ಕಾವಲುಕಟ್ಟೇಲೇ ಊಟ, ಅಲ್ಲೇ ನಿದ್ದೆ. ಇಷ್ಟಾದ್ಮೇಲೂ ಯಾರಾದ್ರೂ ಹಾಸಿಗೆ ಗೀಸಿಗೆ ಅಂತ ಬಾಯಿ ತೆಗೆದ್ರೋ, ಅವರ ಮನೆ ಗಂಡಸರ ತಲೆ ಅರ್ಧ ಬೋಳಿಸಿ ಕಳಿಸ್ತೀನಿ, ಹುಷಾರ್!"

ಅವನ ಹೆಂಡತಿ ರುಮಿಯಾತಿ ಜಗಲಿಯ ಮೇಲೆ ತರಕಾರಿ ಬೋಂಡದಂಥ ಬಕ್ವಾನ್ ಕರಿಯುತ್ತಿದ್ದಳು. ಎಲೆಕೋಸು, ಕ್ಯಾರೆಟ್ಟು, ಬೆಳ್ಳುಳ್ಳಿ ಘಮದ ಹುಲ್ಲಿನಂಥ ಕುಚಾಯ್ ಸೊಪ್ಪು ಹಾಕಿದ ಅವಳ ಬಕ್ವಾನಿಗೆ ಬೆಳಗಾದರೆ ಸಾಲು ನಿಲ್ಲುತ್ತದೆ. ಅವಳು ಜಾಲರಿ ಸೌಟು ಎತ್ತಿ, "ಪಾಕ್ನೆ, ಹೊದಿಕೆ ಮರೆತ್ರಿ," ಎಂದಳು ಅಷ್ಟೆ. ಕೇರಿಯಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಮರ್ಯಾದೆ; ಪಾಕ್ನೆ ಎಂದರೆ ಮಗಳ ಅಪ್ಪ, ಬುನೆ ಎಂದರೆ ಮಗಳ ಅಮ್ಮ. ಮಗಳು ಮದುವೆಯಾಗಿ ಸೆಮರಾಂಗಿಗೆ ಹೋಗಿ ವರ್ಷಗಳಾದರೂ ಗಂಡಹೆಂಡಿರು ಒಬ್ಬರನ್ನೊಬ್ಬರು ಕರೆಯುವುದು ಪಾಕ್ನೆ, ಬುನೆ ಎಂದೇ.

ಈ ಹಾಸಿಗೆಯ ಮಾತಿಗೆ ಹೋದ ವರ್ಷದ ಉರಿಯಿದೆ. ಪ್ರತಿ ಆಗಸ್ಟಿನ ಸ್ವಾತಂತ್ರ್ಯದ ಹಬ್ಬಕ್ಕೆ ಕೇರಿಯ ಗಂಡಸರು ಗ್ರೀಸು ಬಳಿದ ಕಂಬ ಹತ್ತಿ ಜಾರಿ ಬೀಳುತ್ತಾರೆ, ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ದಾರದಲ್ಲಿ ತೂಗುವ ಹಪ್ಪಳಕ್ಕೆ ಬಾಯಿ ಹಾಕುತ್ತಾರೆ, ಹೆಂಗಸರು ಓಣಿಗೊಂದು ತಂಡ ಕಟ್ಟಿಕೊಂಡು ನಿಧಿ ಹುಡುಕುತ್ತಾರೆ. ಸುಳಿವುಗಳನ್ನು ಹೆಣೆಯುವವನು ಮರ್ಡಿಕುನ್. ಹುಡುಗನಾಗಿದ್ದಾಗ ಸ್ಕೌಟಿನಲ್ಲಿ ಕಲಿತ ಗುಟ್ಟುಲಿಪಿಯ ಹುಚ್ಚು ಅವನಿಗೆ ಇನ್ನೂ ಬಿಟ್ಟಿಲ್ಲ. ಗಿಡ್ಡ, ಉದ್ದ, ಈ ಎರಡೇ ಗುರುತಿನಲ್ಲಿ ಎಲ್ಲ ಅಕ್ಷರ ಬರೆಯಬಹುದು ಎನ್ನುವುದು ಈ ನಾಡಿನ ಶಾಲೆಯ ಪ್ರತಿ ಮಗುವಿಗೂ ಗೊತ್ತು. ಆದರೆ ಆ ಗಿಡ್ಡ ಉದ್ದಗಳನ್ನು ಎಲ್ಲೆಲ್ಲಿ ಬಚ್ಚಿಡಬಹುದು ಎನ್ನುವುದು ಮರ್ಡಿಕುನ್‌ಗೆ ಮಾತ್ರ ಗೊತ್ತು. ಗಿರಾಕಿಯ ಕೆನ್ನೆಗೆ ಸೋಪು ಹಚ್ಚುವಾಗಲೂ ಅದನ್ನೇ ಯೋಚಿಸುತ್ತಿದ್ದ. ಎಷ್ಟೋ ಮೀಸೆಗಳು ಆ ಯೋಚನೆಯಲ್ಲಿ ಹಾಳಾಗಿವೆ.

ಹೋದ ವರ್ಷ ರುಮಿಯಾತಿ ಅವನ ಕೊನೆಯ ಸುಳಿವನ್ನು ಉಳಿದವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಬಿಡಿಸಿ ನಿಧಿ ತಂದುಬಿಟ್ಟಳು. ಬಹುಮಾನ ಒಂದು ದೊಡ್ಡ ಕಬ್ಬಿಣದ ಬಾಣಲೆ, ಮಗುವನ್ನು ಕೂರಿಸಿ ಸ್ನಾನ ಮಾಡಿಸುವಷ್ಟು ಅಗಲದ್ದು. ಅವಳು ಅದರ ಕಿವಿ ಹಿಡಿದಿದ್ದಳೋ ಇಲ್ಲವೋ, ಕೇರಿಯ ಮುಖಂಡ ಪಾಕ್ ಸುಗೊಂಡೊನ ಹೆಂಡತಿ ಬು ತರ್ವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಹಾಸಿಗೇಲಿ ಹೇಳಿಸ್ಕೊಂಡ ಪಾಠ ಬೇಗ ತಲೆಗೆ ಹತ್ತುತ್ತೆ ಬಿಡ್ರಮ್ಮಾ," ಎಂದಳು. ಜನ ಘೊಳ್ಳೆಂದು ನಕ್ಕರು. ರುಮಿಯಾತಿ ಬಾಣಲೆಯನ್ನು ಅಲ್ಲೇ ನೆಲಕ್ಕಿಟ್ಟು, ಕೈ ಒರೆಸಿಕೊಂಡು ಮನೆಗೆ ನಡೆದಳು. ಆ ಬಾಣಲೆ ಮುಖಂಡನ ಮನೆಯ ಗೋಡೆ ಸೇರಿತು. ರುಮಿಯಾತಿ ತನ್ನ ಕಿವಿ ಮುರಿದ ಹಳೇ ಬಾಣಲೆಯಲ್ಲೇ ಕರಿಯುತ್ತ ಬಂದಳು. ಕೇರಿಯ ಊಟದ ಅಡಿಗೆಗೆ ಕರೆದಾಗೆಲ್ಲ ಆ ದೊಡ್ಡ ಬಾಣಲೆಯ ಮುಂದೆಯೇ ಕೂರಬೇಕಾಗುತ್ತಿತ್ತು; ಕೂತು ಕರಿದು, ತೊಳೆದು, ಮತ್ತೆ ಅದೇ ಮೊಳೆಗೆ ತೂಗುಹಾಕಿ ಬರುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಮರ್ಡಿಕುನ್ ತನ್ನಲ್ಲೇ ಗೊಣಗಿಕೊಳ್ಳುತ್ತಿದ್ದ. ಒಂದಕ್ಷರ ಹೇಳಿಕೊಟ್ಟಿದ್ದರೆ ಬೇರೆ ಮಾತು. ಅವಳು ತಾನಾಗಿ ಬಿಡಿಸಿದ್ದು!

ಈ ವರ್ಷ ಬಹುಮಾನ ಅದೇ ಬಾಣಲೆ ಎಂದು ಸುಗೊಂಡೊ ಸಾರಿದಾಗ ಮರ್ಡಿಕುನ್ ಒಂದೇ ಹಟ ಹಿಡಿದ. ರುಮಿಯಾತಿ ಆಡಬೇಕು, ಗೆಲ್ಲಬೇಕು, ಯಾರೊಬ್ಬರೂ ತುಟಿ ಕೊಂಕಿಸಬಾರದು. ಅವಳೋ, "ನನಗ್ಯಾಕೆ ಆ ಆಟದ ಸಹವಾಸ? ಕಿವಿ ಮುರಿದ ಬಾಣಲೇಲಿ ಕರಿದ್ರೆ ಬಕ್ವಾನ್ ಬೇಯಲ್ವಾ?" ಎಂದು ಮುಖ ತಿರುಗಿಸಿದಳು. ಪಕ್ಕದ ಮನೆಯ ಮುರ್ನಿ ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡು ಬಂದು ಗೋಗರೆದಳು. "ಬು ರುಮಿ, ನೀವಿಲ್ದಿದ್ರೆ ನಮ್ ಓಣಿ ತಂಡ ಕುರಿ ಮಂದೆ. ಗಿಡ್ಡ ಯಾವ್ದು ಉದ್ದ ಯಾವ್ದು ಅಂತ ನನಗೆ ನನ್ ಗಂಡನ್ನ ನೋಡಿದ್ರೂ ಗೊತ್ತಾಗಲ್ಲ!" ರುಮಿಯಾತಿ ನಕ್ಕಳು, ಆದರೆ ಒಪ್ಪಲಿಲ್ಲ. ಆಗ ಮರ್ಡಿಕುನ್ ದಿಂಬು ಎತ್ತಿಕೊಂಡದ್ದು. ದಿಂಬಿನ ಮೆರವಣಿಗೆ ಕಾವಲುಕಟ್ಟೆ ತಲುಪುವ ಹೊತ್ತಿಗೆ ರುಮಿಯಾತಿ ಮುರ್ನಿಗೆ, "ಸರಿ ಕಣೆ, ಬರ್ತೀನಿ. ಆ ಮನುಷ್ಯನ ಬೆನ್ನು ಹಲಗೆ ಮೇಲೆ ಸುಮ್ನೆ ನೋಯಬಾರ್ದಲ್ಲ," ಎಂದಿದ್ದಳಂತೆ.

ಮುಂದಿನ ದಿನಗಳಲ್ಲಿ ಕೇರಿಗೆ ಬೇರೆ ಕಸುಬೇ ಇರಲಿಲ್ಲ. ಮರ್ಡಿಕುನ್ ಹೆಂಡತಿಯ ಕಡೆ ನೋಡಿದನೇ, ಕೆಮ್ಮಿದನೇ, ಕೆಮ್ಮಿದರೆ ಗಿಡ್ಡ ಕೆಮ್ಮೋ ಉದ್ದ ಕೆಮ್ಮೋ ಎಂದು ನೋಡುವುದೇ ಕೆಲಸ. ರುಮಿಯಾತಿ ಮುರ್ನಿಯ ಕೈಲಿ ಬಾಳೆಲೆಯ ಪೊಟ್ಟಣದಲ್ಲಿ ಅನ್ನ, ಮೆಣಸಿನ ಚಟ್ನಿ ಸಂಬಲ್, ಬಕ್ವಾನ್ ಕಳಿಸಿದರೆ ಬು ತರ್ವಿ ನಡುದಾರಿಯಲ್ಲಿ ತಡೆದು ಪೊಟ್ಟಣ ಬಿಚ್ಚಿಸಿದಳು.

"ಮೂರು ದುಂಡಗಿದೆ, ಎರಡು ಉದ್ದ ಇದೆ. ಏನಿದು?"

"ಬಕ್ವಾನ್, ಬು ತರ್ವಿ."

"ಅದು ಗೊತ್ತು. ಏನರ್ಥ ಅಂತ ಕೇಳಿದೆ."

"ಹೊಟ್ಟೆ ತುಂಬುತ್ತೆ ಅಂತರ್ಥ," ಎಂದು ಮುರ್ನಿ ಹೇಳಿ ಬಂದಳು. ವಾಪಸು ಬಂದ ಎಲೆಯಲ್ಲಿ ಕಚ್ಚಿಬಿಟ್ಟ ಮೆಣಸಿನಕಾಯಿ ತುಂಡುಗಳಿದ್ದವು. ಬು ತರ್ವಿ ಅವನ್ನೂ ಉದ್ದಕ್ಕೆ ಜೋಡಿಸಿ ನೋಡಿದಳಂತೆ. ಮರ್ಡಿಕುನ್‌ಗೆ ಇದು ಕೇಳಿ ಕೋಪಕ್ಕಿಂತ ಸಮಾಧಾನವೇ ಆಯಿತು. ಕಾಯಲಿ, ಚೆನ್ನಾಗಿ ಕಾಯಲಿ. ಇವಳೇ ಕಾದರೆ ಇವಳೇ ಸಾಕ್ಷಿ.

ಅಂಗಡಿಯಲ್ಲೂ ಅದೇ ಪಾಡು. ಕ್ಷೌರಕ್ಕೆ ಕೂತ ಗಂಡಸರನ್ನು ಅವರವರ ಹೆಂಡತಿಯರು ಪಾಠ ಹೇಳಿ ಕಳಿಸಿರುತ್ತಿದ್ದರು. "ಈ ಸಲ ಸುಳಿವು ಬಡಗಲ ಕಡೆಗಾ, ತೆಂಕಲ ಕಡೆಗಾ?" ಎಂದು ಅವರು ಮೆಲ್ಲಗೆ ಕೇಳುವುದು, ಮರ್ಡಿಕುನ್ ಕತ್ತಿಯನ್ನು ಗಂಟಲ ಹತ್ತಿರ ಹಿಡಿದು, "ಮಾತಾಡ್ಬೇಡಿ, ಕುಯ್ದುಹೋಗುತ್ತೆ," ಎನ್ನುವುದು. ಕತ್ತಿಯ ಕೆಳಗೆ ಎಂಥ ಬಾಯಾದರೂ ಮುಚ್ಚುತ್ತದೆ.

ಈ ವರ್ಷ ಅವನು ಮೂರು ಸುಳಿವು ಹೂಡಿದ್ದ. ಮೊದಲನೆಯದು ಕಾವಲುಕಟ್ಟೆಯ ಟೊಳ್ಳುಮರದ ಡೋಲಿನದು: ಒಂಟಿ ಪೆಟ್ಟು ಗಿಡ್ಡ, ಜೋಡಿ ಪೆಟ್ಟು ಉದ್ದ. ಎರಡನೆಯದು ಪೈನಾ ಅಜ್ಜಿಯ ಅಂಗಳದ ಒಗೆದ ಬಟ್ಟೆಯ ತಂತಿ: ಕರವಸ್ತ್ರ ಗಿಡ್ಡ, ಸರೋಂಗು ಉದ್ದ. ಅಜ್ಜಿಗೆ ಗುಟ್ಟು ಹೇಳಿ, ತಂತಿಗೆ ಇನ್ನೊಂದು ಬಟ್ಟೆ ಸೇರಿಸಬಾರದೆಂದು ಆಣೆ ಮಾಡಿಸಿದ್ದ. ಮೂರನೆಯದು ಅವನ ಜೀವ. ಸ್ಕೌಟಿನ ಹುಡುಗರು ಹಾಳೆಯ ಮೇಲೆ ಗಿಡ್ಡ ಉದ್ದ ಎಸಳುಗಳಾಗಿ ಗೀಚುವ ಹುಲ್ಲುಬರಹವನ್ನು ಅವನು ನಿಜವಾದ ಹುಲ್ಲಿನಲ್ಲೇ ಬೆಳೆಸಿದ್ದ. ಕೇರಿಯ ಹೆಬ್ಬಾಗಿಲ ಕಮಾನಿನ ಬುಡದಲ್ಲಿ ಏಪ್ರಿಲಿನಲ್ಲಿ ಇಲ್ಲಿನ ಮಳೆಗಾಲ ಮುಗಿಯುವಾಗಲೇ ಕುಚಾಯ್ ಗಿಡ ಸಾಲಾಗಿ ನೆಟ್ಟು, ಅಲ್ಲಲ್ಲಿ ಅಂತರ ಬಿಟ್ಟು, ದಿನಾ ನೀರು ಹೊಯ್ದಿದ್ದ. ಅಂದಕ್ಕೆ ಅಂದ, ಯಾರಿಗೂ ಸಂಶಯವಿಲ್ಲ. ಆಟಕ್ಕೆ ಕೆಲವು ದಿನ ಮುಂಚೆ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಬಾಚಣಿಗೆ ಕತ್ತರಿ ತಂದು ಮಂಡಿಯೂರಿದ. ಗಿಡ್ಡ ಆಗಬೇಕಾದ ಗಿಡಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿ, ಉದ್ದ ಆಗಬೇಕಾದವನ್ನು ಹಾಗೇ ಬಿಟ್ಟ.

"ಹುಲ್ಲಿಗೂ ಕಟಿಂಗಾ, ಪಾಕ್ ಕುನ್?" ಎಂದು ದಾರಿಹೋಕನೊಬ್ಬ ನಕ್ಕ.

"ಇದು ನಿಮ್ಮಂಗೆ ತಲೆ ಅಲ್ಲಾಡಿಸಲ್ಲ, ಕನ್ನಡಿ ನೋಡಿ ತಕರಾರೂ ತೆಗೆಯಲ್ಲ," ಎಂದ ಮರ್ಡಿಕುನ್. ಎದ್ದು ನಿಂತು ನೋಡಿದ. ಗೊತ್ತಿದ್ದವನಿಗೆ ಆ ಸಾಲು 'ಸುಮೂರ್' ಎನ್ನುತ್ತಿತ್ತು, ಎಂದರೆ ಬಾವಿ. ಗೊತ್ತಿಲ್ಲದವನಿಗೆ ಬರೀ ಹುಲ್ಲು. ಇಡೀ ಜೀವಮಾನದಲ್ಲಿ ಇಷ್ಟು ಚೆಂದದ ಕ್ಷೌರ ತಾನು ಮಾಡಿಲ್ಲ ಎನಿಸಿ ಅವನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳೋಣ ಅನ್ನಿಸಿತು.

ಆಟದ ದಿನ ಭಾನುವಾರ. ಬೆಳಿಗ್ಗೆ ಎಲ್ಲರೂ ಸೇರಿ ಕೇರಿ ಚೊಕ್ಕಟ ಮಾಡುವುದು, ಮಧ್ಯಾಹ್ನ ಆಟ ಎಂದು ಗೊತ್ತಾಗಿತ್ತು. ಇಡೀ ಕೇರಿ ಪೊರಕೆ, ಸುಣ್ಣದ ಬಕೆಟ್ಟು, ಗುದ್ದಲಿ ಹಿಡಿದು ಬೀದಿಗಿಳಿದಾಗ ಮರ್ಡಿಕುನ್ ಮಾತ್ರ ಅಜ್ಜಿಯ ಅಂಗಳದಲ್ಲಿ ಬಟ್ಟೆ ಜೋಡಿಸುತ್ತಿದ್ದ. ಆಮೇಲೆ ಕಾವಲುಕಟ್ಟೆಯ ಹಿಂದಿನ ಹಾಳುಬಾವಿಯ ಒಳಗೋಡೆಗೆ ಕೆಂಪು ಬಿಳಿ ಬಣ್ಣದ ಡಬ್ಬಿ ಕಟ್ಟಿ ಇಳಿಬಿಟ್ಟ. ಡಬ್ಬಿ ತಂದವರಿಗೆ ಬಾಣಲೆ.

ಮಧ್ಯಾಹ್ನ ಡೋಲು ಬಾರಿಸಿದ. ನಾಲ್ಕು ಓಣಿಯ ನಾಲ್ಕು ತಂಡಗಳೂ ಬೆರಳು ಮಡಿಸಿ ಎಣಿಸಿ, ಜಗಳಾಡಿ, ಅಜ್ಜಿಯ ಅಂಗಳದ ಕಡೆ ಓಡಿದವು. ರುಮಿಯಾತಿ ತಂಡದ ಮುಂದೆ ಓಡುತ್ತಿದ್ದಳು; ಗಂಡನನ್ನು ದಾಟಿ ಹೋಗುವಾಗ ಬೇಕೆಂದೇ ಆಕಾಶ ನೋಡಿಕೊಂಡು ಹೋದಳು. ಮರ್ಡಿಕುನ್ ಸುಖವಾಗಿ ಒಂದು ಬೀಡಿ ಹಚ್ಚಿ, ಅವರಿಗಿಂತ ಮೊದಲೇ ಹೆಬ್ಬಾಗಿಲಿಗೆ ಹೋಗಿ ತನ್ನ ಹುಲ್ಲನ್ನು ಅವರು ಓದುವ ಚೆಂದ ನೋಡೋಣವೆಂದು ನಡೆದ.

ಹೆಬ್ಬಾಗಿಲು ಹೊಸ ಸುಣ್ಣದಲ್ಲಿ ಹೊಳೆಯುತ್ತಿತ್ತು. ಕಂಬಕ್ಕೆ ಬಾವುಟ ಕಟ್ಟಿತ್ತು. ಬುಡದ ಕುಚಾಯ್ ಸಾಲು ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟಕ್ಕೆ, ದಾರ ಹಿಡಿದು ಕತ್ತರಿಸಿದ ಹಾಗೆ, ಸಮನಾಗಿ ನಿಂತಿತ್ತು.

ಪಾಕ್ ಸುಗೊಂಡೊ ಬೇಲಿ ಕತ್ತರಿ ಹೆಗಲಿಗೇರಿಸಿಕೊಂಡು ಅಲ್ಲೇ ಮುಗುಳ್ನಗುತ್ತಿದ್ದ. "ನೋಡ್ದ್ಯಾ ಕುನ್? ನಿನ್ನ ಹುಲ್ಲಿಗೆ ನಾನೇ ಕ್ಷೌರ ಮುಗಿಸ್ದೆ! ಪಾಪ, ಅರ್ಧಕ್ಕೆ ಬಿಟ್ಟು ಹೋಗಿದ್ದೆ. ಒಂದು ಗಿಡ್ಡ, ಒಂದು ಉದ್ದ, ಹರಕು ತಲೆ ಇದ್ದಂಗಿತ್ತು. ನಾಳೆ ಹಬ್ಬಕ್ಕೆ ಬಂದೋರು, ಈ ಕೇರೀಲಿ ಕ್ಷೌರಿಕನೇ ಇಲ್ವಾ ಅಂತ ಕೇಳ್ಬಾರ್ದು ನೋಡು!"

ಒಬ್ಬರು ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಇನ್ನೊಬ್ಬರು ಕೇಳದೆಯೇ ಮುಗಿಸಿಕೊಡುವುದು ಕಾರಂಗ್‌ಸೊನೊದ ದೊಡ್ಡ ಗುಣ. ಆ ಗುಣದ ಮನೆ ಹಾಳಾಗ! ಮರ್ಡಿಕುನ್ ಕಮಾನಿನ ಕಟ್ಟೆಯ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತು ಕೂತ. ಬೀಡಿ ತಾನಾಗಿ ಆರಿತು. ಇನ್ನು ಬಾಯಿಬಿಟ್ಟು ಹೇಳಿದರೆ ಅದು ಸುಳಿವಲ್ಲ, ಓಡುವ ಪಂದ್ಯ. ಹೇಳದಿದ್ದರೆ ಆಟವೇ ಇಲ್ಲ. ಹಲಗೆಯ ಮೇಲೆ ಮಲಗಿದ್ದು, ಊರ ಮುಂದೆ ದಿಂಬು ಎತ್ತಿ ತೋರಿಸಿದ್ದು, ಎಲ್ಲ ನೀರಲ್ಲಿ ಹೋಮ. ರುಮಿಯ ಬಾಣಲೆ ಮತ್ತೆ ಅದೇ ಮೊಳೆಗೆ.

ಅಷ್ಟರಲ್ಲಿ ತಂಡಗಳು ಏದುಸಿರು ಬಿಡುತ್ತ ಬಂದವು. ಹಿಂದಿನಿಂದ ಪೈನಾ ಅಜ್ಜಿಯೂ ಕೋಲೂರಿಕೊಂಡು ಬಂದಳು. ಬಟ್ಟೆಯ ತಂತಿ 'ಹೆಬ್ಬಾಗಿಲು' ಎಂದಿತ್ತು, ಬಂದಾಯಿತು. ಇಲ್ಲೇನಿದೆ? ಬಾವುಟ ಎತ್ತಿ ನೋಡಿದರು, ಕಂಬ ತಟ್ಟಿ ನೋಡಿದರು, ಹಸಿ ಸುಣ್ಣ ಕೈಗೆ ಮೆತ್ತಿಕೊಂಡು ಒಬ್ಬರನ್ನೊಬ್ಬರು ಬೈದರು.

ಮರ್ಡಿಕುನ್ ಎದ್ದು ನಿಂತ. "ಅಮ್ಮಂದಿರಾ, ಹುಡುಕ್ಬೇಡಿ. ಸುಳಿವು ಇಲ್ಲೇ ಹುಲ್ಲಲ್ಲಿ ಇತ್ತು. ಈಗ ಇಲ್ಲ, ಕತ್ತರಿಸಿ ಹೋಯ್ತು. ಕಾವಲು ಹಾಕದಿದ್ದಿದ್ದು ನನ್ನ ತಪ್ಪು. ಆಟ ನಿಂತಿತು."

ಸುಗೊಂಡೊನ ಹೆಗಲಿನಿಂದ ಕತ್ತರಿ ಜಾರಿತು. "ಅಯ್ಯಯ್ಯೋ! ಆ ಹರಕು ತಲೆ ಸುಳಿವಾಗಿತ್ತಾ?"

ಎಲ್ಲರ ಕಣ್ಣೂ ಅವನ ಕಡೆ ತಿರುಗಿ, ಅಲ್ಲಿಂದ ಅವನ ಹೆಂಡತಿಯ ಕಡೆ ಹೊರಳಿದವು. ಮುರ್ನಿ ಬಿಡುತ್ತಾಳೆಯೇ? "ಕತ್ತರಿಸಿದ್ದು ಎಲ್ಲಿ ಹೋಯ್ತು ಪಾಕ್ ಸುಗೊಂಡೊ? ತುಂಡು ಜೋಡಿಸೋಣ."

"ಅದು... ಹಾಳು ಮಾಡ್ಬಾರ್ದು ಅಂತ ಇವಳು ಮನೆಗೆ ತಗೊಂಡು ಹೋದ್ಳು. ಮೊಟ್ಟೆ ಜೊತೆ ಹುರಿದು... ಮಧ್ಯಾಹ್ನಕ್ಕೆ..."

"ಬು ತರ್ವಿ ಸುಳಿವನ್ನ ತಿಂದೇಬಿಟ್ರು!" ಎಂದು ಮುರ್ನಿ ಕೂಗಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತು ನಕ್ಕರು. "ಹೊಟ್ಟೇಲಿ ಏನ್ ಬರ್ದಿದೆ, ಓದಿ ಹೇಳಿ ಬು ತರ್ವಿ!" "ತೇಗಿದ್ರೆ ಗಿಡ್ಡಾನೋ ಉದ್ದಾನೋ ನೋಡ್ರೇ!" ಬು ತರ್ವಿಯ ಮುಖ ಸಂಬಲ್‌ಗಿಂತ ಕೆಂಪಾಯಿತು. ಮುಖಂಡನ ಮನೆಯವರನ್ನು ಬಿಟ್ಟರೆ ನಗದೆ ಉಳಿದವರು ಇಬ್ಬರೇ. ಒಬ್ಬ ಮರ್ಡಿಕುನ್. ಇನ್ನೊಬ್ಬಳು ರುಮಿಯಾತಿ, ಅವಳು ಕುಚಾಯ್ ಸಾಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು.

"ಪಾಕ್ ಸುಗೊಂಡೊ," ಎಂದು ತಿರುಗದೆಯೇ ಕೇಳಿದಳು, "ನೀವು ಎಲ್ಲಾನೂ ಕತ್ತರಿಸಿದ್ರಾ?"

"ಇಲ್ಲಮ್ಮ. ಗಿಡ್ಡ ಇದ್ದದ್ದನ್ನ ಯಾಕೆ ಮುಟ್ಲಿ? ಉದ್ದ ಇದ್ದದ್ದನ್ನ ಅದರ ಸಮಕ್ಕೆ ತಂದೆ ಅಷ್ಟೆ."

"ಇವತ್ತು ಬೆಳಿಗ್ಗೆ?"

"ಇವತ್ತು ಬೆಳಿಗ್ಗೆ."

ಈ ಮಾತು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಮರ್ಡಿಕುನ್‌ಗೂ ಕೇಳಿಸಿತು; ಆದರೆ ಅವನು ದುಃಖದಲ್ಲಿ ಮುಳುಗಿದ್ದ, ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ. ರುಮಿಯಾತಿ ಬೆರಳ ತುದಿಯನ್ನು ಸಾಲಿನ ಮೇಲೆ ಮೆಲ್ಲಗೆ ಎಳೆಯುತ್ತ ಹೋದಳು. ಒಂದು ಗಿಡದ ತುದಿ ಒಣಗಿ ಕಂದಾಗಿ ಬೆರಳಿಗೆ ಚುಚ್ಚಿತು. ಪಕ್ಕದ್ದೂ ಹಾಗೇ. ಇನ್ನೊಂದರ ತುದಿ ಹಸಿ ಹಸಿ. ಬೆರಳು ಮೂಸಿದರೆ ಆಗ ತಾನೇ ಹೆಚ್ಚಿದ ಬೆಳ್ಳುಳ್ಳಿಯ ವಾಸನೆ. ನಿನ್ನೆ ಮೊನ್ನೆಯ ಸೊಪ್ಪು ಯಾವುದು, ಇವತ್ತಿನದು ಯಾವುದು ಎಂದು ಸಂತೆಯಲ್ಲಿ ದಿನವೂ ಜಗಳಾಡಿ ಆರಿಸುವ ಬೆರಳು ಅದು. ಒಣ ತುದಿ ಗಂಡ ಮೊದಲೇ ಕತ್ತರಿಸಿದ್ದು, ಅಂದರೆ ಗಿಡ್ಡ. ಹಸಿ ತುದಿ ಸುಗೊಂಡೊ ಬೆಳಿಗ್ಗೆ ಕತ್ತರಿಸಿದ್ದು, ಅಂದರೆ ಉದ್ದವಾಗಿದ್ದದ್ದು.

ಅವಳ ತುಟಿ ಅಲ್ಲಾಡತೊಡಗಿದ್ದನ್ನು ಮರ್ಡಿಕುನ್ ಆಗ ನೋಡಿದ. ಏನೋ ಎಣಿಸುತ್ತಿದ್ದಾಳೆ. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿದೆ, ಗಿಡ್ಡ ಗಿಡ್ಡ ಗಿಡ್ಡ. ಆ ತಾಳ ಅವನಿಗೆ ಗೊತ್ತಿತ್ತು. ಮಗಳು ಶಾಲೆಯ ಸ್ಕೌಟು ಪರೀಕ್ಷೆಗೆ ಓದುವಾಗ ರುಮಿಯಾತಿ ಒಲೆಯ ಮುಂದೆ ಕೂತು, ಸೌಟಿನಿಂದ ಬಾಣಲೆಯ ಅಂಚು ತಟ್ಟಿ ತಟ್ಟಿ ಅವಳಿಗೆ ಅಕ್ಷರ ಕೇಳುತ್ತಿದ್ದಳು. ಅಂಗಡಿಯಿಂದ ಬಂದವನು ಆ ಸದ್ದಿಗೇ ಕೈಕಾಲು ತೊಳೆಯುತ್ತಿದ್ದ. ಇವಳು ಕಲಿತದ್ದು ಅಲ್ಲಿ! ಇಷ್ಟು ವರ್ಷ ತನಗೇ ಹೊಳೆದಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ರುಮಿಯಾತಿ ಸಾಲಿನ ಕೊನೆ ಮುಟ್ಟಿದಳು. ಎದ್ದಳು. ಸರೋಂಗಿನ ಅಂಚನ್ನು ಮೊಣಕಾಲಿಗೆತ್ತಿ, "ಮುರ್ನಿ, ಕೂಸು ಯಾರ ಕೈಗಾದ್ರೂ ಕೊಡು, ಬಾ!" ಎಂದವಳೇ ಓಟ ಕಿತ್ತಳು. ಮುರ್ನಿ ಕೂಸನ್ನು ಕೈಗೆ ಸಿಕ್ಕಿದವರಿಗೆ ದಾಟಿಸಿದಳು. ಸಿಕ್ಕಿದ್ದು ಬು ತರ್ವಿ. ಕೂಸನ್ನು ಎತ್ತಿಕೊಂಡು ಓಡಲಾರದೆ, ಬಿಡಲಾರದೆ ಬು ತರ್ವಿ ನಿಂತಲ್ಲೇ ನಿಂತಳು.

"ಇದೂ..." ಎಂದು ಅವಳು ಶುರುಮಾಡಿದಳು, "ಇದೂ ಅವಳ ಗಂಡನೇ..." ಎನ್ನುತ್ತ ಮರ್ಡಿಕುನ್ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ಅವನು ಬಾಯಿ ತೆರೆದುಕೊಂಡು ಹೆಂಡತಿ ಓಡಿದ ದಾರಿಯನ್ನೇ ನೋಡುತ್ತಿದ್ದ. ಆರಿದ ಬೀಡಿ ಕೆಳತುಟಿಗೆ ಅಂಟಿಕೊಂಡಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅವನಿಗೆ ತೋಚಿರಲಿಲ್ಲ.

"ಹೇಳ್ಕೊಟ್ಟೋನ ಮುಖ ಹಿಂಗಿರುತ್ತೇನೇ ತರ್ವಿ?" ಎಂದಳು ಪೈನಾ ಅಜ್ಜಿ. "ಈಗಷ್ಟೇ ಮನೇಲಿ ಯಾರೋ ಸತ್ತವರ ಹಾಗೆ ಕೂತಿದ್ದ. ನಿನ್ನ ಕಣ್ಣೆದುರಿಗೇ ಓದಿದ್ಳು ಅವಳು. ಅದೂ ನೀನು ತಿಂದು ಬಿಟ್ಟ ಎಂಜಲಲ್ಲಿ!"

ಕೂಸು ಬು ತರ್ವಿಯ ಕಿವಿಯೋಲೆ ಹಿಡಿದು ಎಳೆಯಿತು.

ಕೆಂಪು ಬಿಳಿ ಡಬ್ಬಿ ಎತ್ತಿ ಹಿಡಿದು ರುಮಿಯಾತಿ ತಿರುಗಿ ಬಂದಾಗ ಅವಳ ಮೊಣಕೈವರೆಗೆ ಬಾವಿಯ ಪಾಚಿ ಮೆತ್ತಿತ್ತು. ಕೇರಿ ಕೂಗಿ ಕುಣಿಯಿತು. ಬು ತರ್ವಿ ಕೂಸನ್ನು ಮುರ್ನಿಗೆ ಕೊಟ್ಟು, ಮನೆಗೆ ಹೋಗಿ, ಗಂಡನನ್ನು ಕಳಿಸದೆ ತಾನೇ ಬಾಣಲೆ ಹೊತ್ತು ತಂದಳು. ರುಮಿಯಾತಿಯ ಮುಂದೆ ಹಿಡಿದಳು. ರುಮಿಯಾತಿ ಕೈ ಚಾಚಲಿಲ್ಲ.

"ಮೊದ್ಲು ಕೇಳಿ, ಬು ತರ್ವಿ."

"ಏನ್ ಕೇಳ್ಲಿ?"

"ಈ ಪಾಠ ಎಲ್ಲಿ ಕಲ್ತೆ ಅಂತ. ಹೋದ ವರ್ಷ ಕೇಳ್ದೇನೇ ಹೇಳ್ಬಿಟ್ರಿ. ಈ ಸಲ ಕೇಳಿ."

ಬಾಣಲೆ ಭಾರವಾಗಿತ್ತು, ಬು ತರ್ವಿ ಅದನ್ನು ಸೊಂಟಕ್ಕೆ ಆನಿಸಿಕೊಂಡಳು. "ಎಲ್ಲಿ ಕಲ್ತೆ, ಬು ರುಮಿ?"

"ಒಲೆ ಮುಂದೆ," ಎಂದಳು ರುಮಿಯಾತಿ.

ಬು ತರ್ವಿ ತಲೆ ತಗ್ಗಿಸಿದಳು. "ನಾನಾಡಿದ್ದು ತಪ್ಪು ಮಾತು ಕಣಮ್ಮ. ಹೊಟ್ಟೆಕಿಚ್ಚಿಗೆ ಆಡಿದ್ದೆ. ತಗೋ, ಕೈ ನೋಯ್ತಿದೆ." ರುಮಿಯಾತಿ ನಕ್ಕು ಬಾಣಲೆಯ ಎರಡು ಕಿವಿಯನ್ನೂ ಗಟ್ಟಿಯಾಗಿ ಹಿಡಿದು ತೆಗೆದುಕೊಂಡಳು. "ನಾಳೆ ಬೆಳಿಗ್ಗೆ ಬನ್ನಿ. ಮೊದಲನೇ ಬಕ್ವಾನ್ ನಿಮಗೇ. ಕುಚಾಯ್ ಮಾತ್ರ ಹಾಕಲ್ಲ, ಇವತ್ತು ಆಗಲೇ ತಿಂದಿದೀರ."

ನಗು ಕೇರಿಯ ಆ ತುದಿ ಮುಟ್ಟಿತು. ನಗುವಿನ ನಡುವೆಯೇ ಅವಳು ಗಂಡನ ಮುಂದೆ ಬಂದು ನಿಂತಳು. ಇಷ್ಟು ದಿನದ ಮೇಲೆ ಮೊದಲ ಸಲ ಅವನ ಮುಖ ನೋಡಿದಳು.

"ಪಾಕ್ನೆ, ಅಳ್ತಿದೀರಾ?"

"ಇಲ್ಲ ಬುನೆ, ಸುಣ್ಣದ ಘಾಟು."

"ಹಾಗೇ ಇರ್ಲಿ. ಬಗ್ಗಿ." ಮರ್ಡಿಕುನ್ ಬಗ್ಗಿದ. ಅವಳು ಬಾಣಲೆಯನ್ನು ಅವನ ತಲೆಯ ಮೇಲೆ ಬೋರಲು ಹೊರಿಸಿದಳು. ಕಣ್ಣವರೆಗೂ ಮುಚ್ಚಿತು. ಆಮೇಲೆ ಕಾವಲುಕಟ್ಟೆಗೆ ಹೋಗಿ ಅವನ ದಿಂಬನ್ನು ತಾನು ಕಂಕುಳಲ್ಲಿ ಇರುಕಿಕೊಂಡು ಬಂದು, ಅವನ ಕೈ ಹಿಡಿದು, ಇಡೀ ಕೇರಿ ನೋಡುತ್ತಿದ್ದಂತೆ ಮನೆಯ ಕಡೆ ನಡೆಸಿದಳು. ದಾರಿಯುದ್ದಕ್ಕೂ ಅವಳ ಬೆರಳು ಬಾಣಲೆಯ ಬೆನ್ನಿನ ಮೇಲೆ ಗಿಡ್ಡ ಉದ್ದ, ಗಿಡ್ಡ ಉದ್ದ ತಟ್ಟುತ್ತಿತ್ತು. ಒಳಗಿದ್ದ ಮರ್ಡಿಕುನ್ ಒಂದೊಂದೇ ಅಕ್ಷರ ಕೂಡಿಸಿಕೊಂಡ. 'ಮನೆಗೆ ಬನ್ನಿ' ಎಂದಿತ್ತು. ಹೊಸ್ತಿಲು ಬಂದಾಗ ಅವನು ಕಾಲೆತ್ತಿ ಜೋಪಾನವಾಗಿ ದಾಟಿದ.